ನೆಲದ ಹೊನ್ನು ಯಾರದು?

ಬೆಳಗಾಗೆದ್ದು ನೋಡಿದರೆ ಊರ ಹೊರಗಿನ ಹಾಳು ಗುಡಿಯ ಬಸವಣ್ಣ ಮಗ್ಗುಲಾಗಿ ಬಿದ್ದಿದ್ದಾನೆ. ಅವನು ಕೂತ ಜಾಗದಲ್ಲಿ ಎದೆಮಟ್ಟದ ಗುಂಡಿ. ಗುಂಡಿಯ ಅಂಚಿಗೆ ಕೊಯ್ದ ಲಿಂಬೆಹಣ್ಣು, ಚೆಲ್ಲಿದ ಕುಂಕುಮ, ಸೇದಿ ಬಿಸಾಡಿದ ಬೀಡಿಯ ತುಂಡು. ಊರ ಜನ ನೆರೆಯುತ್ತಾರೆ, "ಅಯ್ಯೋ ಪಾಪ" ಎನ್ನುತ್ತಾರೆ. ಮರುಗಳಿಗೆಗೆ ಒಬ್ಬ ಇನ್ನೊಬ್ಬನ ಕಿವಿಯಲ್ಲಿ ಕೇಳುತ್ತಾನೆ: "ಸಿಕ್ತೋ, ಇಲ್ಲೋ?"

ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರು ಸೀಮೆಯ ನಮ್ಮ ವಾಚಕರಲ್ಲಿ ಇಂಥದನ್ನು ಕಂಡವರು ಇಲ್ಲವೆ ಕೇಳಿದವರು ಅನೇಕರಿರಬೇಕು. ಗುಂಡಿ ತೋಡಿದ ಕಳ್ಳನ ಮೇಲೆ ನನಗೆ ಸಿಟ್ಟಿದೆ. ಆದರೆ ಇಂದು ನಾನು ಬರೆಯಹೊರಟದ್ದು ಆ ಕಿವಿಮಾತಿನ ಬಗ್ಗೆ. ಬಸವಣ್ಣನಿಗಾಗಿ ನಾವು ಮರುಗಿದ್ದು ಒಂದು ಗಳಿಗೆ, ಬಂಗಾರದ ಲೆಕ್ಕ ಹಾಕಿದ್ದು ಇಡೀ ದಿನ. ಕಳ್ಳನ ಮನಸ್ಸಿಗೂ ನಮ್ಮ ಮನಸ್ಸಿಗೂ ಆಗ ಎಷ್ಟು ಅಂತರ ಉಳಿಯಿತು, ಹೇಳಿರಿ ನೋಡೋಣ!

ಮೊದಲು ಈ ಕಸಬಿಗೆ ಒಬ್ಬ ಮಂತ್ರವಾದಿ, ಒಂದು ಹಾರೆ, ಒಂದು ಅಮಾವಾಸ್ಯೆಯ ರಾತ್ರಿ ಸಾಕಾಗಿತ್ತು. ಈಗ ಯಂತ್ರವೂ ಬಂದಿದೆ. ಮೆಟಲ್ ಡಿಟೆಕ್ಟರ್ ಎಂದು ಅದರ ಹೆಸರು. ಅದರಲ್ಲಿ ಪವಾಡವೇನೂ ಇಲ್ಲ. ಕೋಲಿನ ತುದಿಗೆ ತಾಮ್ರದ ತಂತಿಯ ಸುರುಳಿ. ಸುರುಳಿಯಲ್ಲಿ ವಿದ್ಯುತ್ತು ಹರಿದಾಗ ಸುತ್ತಲೂ ಕಾಂತಕ್ಷೇತ್ರ ಏಳುತ್ತದೆ. ಆ ಕ್ಷೇತ್ರದಲ್ಲಿ ಲೋಹವಿದ್ದರೆ ಲೋಹದೊಳಗೂ ಸಣ್ಣ ಪ್ರವಾಹ ಹುಟ್ಟಿ ಸುರುಳಿಗೆ ಮರುದನಿ ಕೊಡುತ್ತದೆ, ಯಂತ್ರ ಕೂಗುತ್ತದೆ. ನಾಣ್ಯದಷ್ಟು ಚಿಕ್ಕ ವಸ್ತು ಒಂದೆರಡು ಗೇಣಿನ ಆಳ ದಾಟಿತೆಂದರೆ ಸಾಮಾನ್ಯ ಯಂತ್ರಕ್ಕೆ ಅದರ ಸುಳಿವು ಹತ್ತದು. ನಮ್ಮ ಹೊಲಗಳಲ್ಲಿ ಅದು ಕೂಗುವುದು ಬಹುಮಟ್ಟಿಗೆ ಎತ್ತಿನ ಲಾಳಕ್ಕೆ, ರಂಟೆಯ ಮುರಿದ ಕುಳಕ್ಕೆ, ಸೋಡಾ ಬಾಟಲಿಯ ಬಿರಡೆಗೆ. "ಇಪ್ಪತ್ತು ಅಡಿ ಆಳದ ಕೊಪ್ಪರಿಗೆ ತೋರಿಸುತ್ತೇನೆ, ಮುಂಗಡ ಕೊಡಿ" ಎಂದು ಯಂತ್ರ ಹೊತ್ತು ಬರುವವನು ಹಳೆಯ ಮಂತ್ರವಾದಿಯ ಸ್ವಂತ ತಮ್ಮ. ಅಣ್ಣನ ಕೈಯಲ್ಲಿ ಲಿಂಬೆಹಣ್ಣು, ತಮ್ಮನ ಕೈಯಲ್ಲಿ ಬ್ಯಾಟರಿ. ಅಷ್ಟೇ ವ್ಯತ್ಯಾಸ.

ಇವರಿಗೆ ಇನ್ನೊಬ್ಬ ಬಂಧುವೂ ಇದ್ದಾನೆ. ಅಂಗಡಿಕಾರ ಮಿತ್ರರಿಗೆ ಅವನ ಪರಿಚಯ ಚೆನ್ನಾಗಿಯೇ ಇರಬೇಕು. "ಮನೆಯ ಪಾಯ ತೋಡುವಾಗ ಗಡಿಗೆ ಸಿಕ್ಕಿತು, ಮಾರಲಿಕ್ಕೆ ಹೆದರಿಕೆ, ಅರ್ಧ ಬೆಲೆಗೆ ಕೊಡುತ್ತೇನೆ" ಎನ್ನುತ್ತಾನೆ. ಮೊದಲು ಕೊಡುವ ಒಂದೆರಡು ನಾಣ್ಯ ಅಸಲು ಬಂಗಾರ. ಒರೆಗೆ ಹಚ್ಚಿದರೆ ನಿಜವೇ. ಆಮೇಲೆ ಕೊಡುವ ಚೀಲದ ತುಂಬ ಹಿತ್ತಾಳೆ. ಹತ್ತು ವರ್ಷ ತಕ್ಕಡಿ ಹಿಡಿದು ಕೂಡಿಟ್ಟ ದುಡ್ಡು ಒಂದು ಸಂಜೆಗೆ ಹೋಗುತ್ತದೆ. ಹೋದದ್ದನ್ನು ಹೇಳಿಕೊಳ್ಳಲೂ ಬಾರದು, ಕೊಳ್ಳಹೊರಟದ್ದೇ ಕಳ್ಳಮಾಲು!

ಇರಲಿ. ಮೋಸ ಹೋದವರ ಕತೆ ಅವರಿಗೆ. ನಾನು ಕೇಳುವುದು ಬೇರೆ: ನಿಜವಾಗಿಯೇ ನೆಲದಿಂದ ಏನಾದರೂ ಸಿಕ್ಕಿದರೆ, ಅದು ಏನು? ಅದು ಯಾರದು?

ಹಾನಗಲ್ಲ ತಾಲೂಕಿನ ಅಕ್ಕಿಆಲೂರನ್ನು ತೆಗೆದುಕೊಳ್ಳಿ. ನಮಗೆ ಅದು ಒಂದು ಪೇಟೆ, ಒಂದು ಬಸ್ ನಿಲ್ದಾಣ. ಆದರೆ ಹಳೆಯ ನಾಣ್ಯಗಳನ್ನು ಅಭ್ಯಾಸ ಮಾಡುವ ಪರದೇಶದ ಪಂಡಿತರಿಗೂ ಅಕ್ಕಿಆಲೂರಿನ ಹೆಸರು ಗೊತ್ತು. ಯಾಕೆಂದರೆ ಅಲ್ಲಿ 40ಕ್ಕೂ ಹೆಚ್ಚು ರೋಮನ್ ಬಂಗಾರದ ನಾಣ್ಯಗಳು ಒಂದೆಡೆ ಸಿಕ್ಕವು. ಬಹುಪಾಲು ನಾಣ್ಯಗಳು ಕ್ರಿಸ್ತಶಕ 5 ಮತ್ತು 6ನೆಯ ಶತಮಾನದವು. ಕಾನ್‌ಸ್ಟಾಂಟಿನೋಪಲ್ ನಗರದಿಂದ ಆಳುತ್ತಿದ್ದ ಚಕ್ರವರ್ತಿಗಳ ಮುದ್ರೆಯವು. ಸಾಲಿಡಸ್ ಎಂದು ಆ ನಾಣ್ಯದ ಹೆಸರು, ಒಂದೊಂದರ ತೂಕ ಸುಮಾರು ನಾಲ್ಕೂವರೆ ಗ್ರಾಂ.

ಆ ಕಾಲದಲ್ಲಿ ಇಲ್ಲಿ ಆಳುತ್ತಿದ್ದವರು ಬನವಾಸಿಯ ಕದಂಬರು. ಪಶ್ಚಿಮ ಕರಾವಳಿಯ ಮೆಣಸಿಗಾಗಿ ರೋಮನರ ಬಂಗಾರ ಕಡಲು ದಾಟಿ ಬರುತ್ತಿತ್ತೆಂಬುದು ಪ್ರಸಿದ್ಧವಾದ ಸಂಗತಿ. ಆ ಬಂಗಾರ ಬಂದರಿನಲ್ಲೇ ನಿಲ್ಲದೆ ಘಟ್ಟ ಹತ್ತಿ ನಮ್ಮ ಹೊಲಗಳ ತನಕ ಬಂದಿತ್ತು ಎಂದು ಹೇಳುವ ಸಾಕ್ಷಿ ಅಕ್ಕಿಆಲೂರು. ದಕ್ಷಿಣ ಭಾರತದಲ್ಲಿ ದೊರೆತ ಆ ಕಾಲದ ರೋಮನ್ ನಾಣ್ಯಗಳಲ್ಲಿ ಅನೇಕಕ್ಕೆ ಚಕ್ರವರ್ತಿಯ ತಲೆಯ ಮೇಲ್ಗಡೆ ಎರಡು ಸಣ್ಣ ತೂತುಗಳಿವೆ. ಅಂದರೆ ಪರದೇಶದ ಹಣವನ್ನು ನಮ್ಮವರು ಪೋಣಿಸಿ ಒಡವೆ ಮಾಡಿಕೊಂಡಿದ್ದರು. ಮಾಡಿದ ಕೈ ಯಾವುದು? ತೊಟ್ಟ ಕೊರಳು ಯಾರದು?

ಅದೇ ನಾಣ್ಯಗಳು ಸಿಕ್ಕ ರಾತ್ರಿಯೇ ಪತ್ತಾರನ ಮೂಸೆ ಸೇರಿದ್ದರೆ ಏನು ಉಳಿಯುತ್ತಿತ್ತು? ಇನ್ನೂರು ಗ್ರಾಂ ಚಿಲ್ಲರೆ ಬಂಗಾರದ ಗಟ್ಟಿ. ಬಂಗಾರದ ಗಟ್ಟಿ ಯಾವ ಪೇಟೆಯಲ್ಲೂ ಸಿಕ್ಕುತ್ತದೆ. ಒಂದೂವರೆ ಸಾವಿರ ವರ್ಷದ ಹಿಂದೆ ಅಕ್ಕಿಆಲೂರಿಗೂ ಕಾನ್‌ಸ್ಟಾಂಟಿನೋಪಲ್‌ಗೂ ವ್ಯವಹಾರದ ಎಳೆ ಇತ್ತೆಂಬ ಮಾತನ್ನು ಯಾವ ಪೇಟೆಯಲ್ಲಿ ಕೊಳ್ಳುತ್ತೀರಿ?

ಅಂಗಡಿಕಾರರಿಗೆ ಅವರ ಮಾತಿನಲ್ಲೇ ಹೇಳುತ್ತೇನೆ. ನಿಮ್ಮ ಖಾತೆಪುಸ್ತಕದ ಒಂದು ಹಾಳೆ ಹರಿದು, ಅದರೊಳಗಿನ ಒಂದೇ ಅಂಕಿ ಕತ್ತರಿಸಿ ನಿಮ್ಮ ಕೈಗಿತ್ತರೆ ಅದರಿಂದ ಏನು ತಿಳಿಯುತ್ತದೆ? ಯಾರ ಬಾಕಿ, ಯಾವ ತಿಂಗಳದ್ದು, ಕೊಟ್ಟದ್ದೋ ತಂದದ್ದೋ? ಯಾವುದೂ ಇಲ್ಲ. ನಾಣ್ಯ ಆ ಅಂಕಿ. ಅದು ಬಿದ್ದಿದ್ದ ಜಾಗ, ಅದನ್ನು ತುಂಬಿದ್ದ ಗಡಿಗೆ, ಬದಿಯಲ್ಲಿದ್ದ ಬೂದಿ, ಇಟ್ಟಿಗೆ, ಎಲುಬು, ಇದೆಲ್ಲ ಸೇರಿ ಆ ಹಾಳೆ. ಹಾರೆ ಹಾಕಿ ಎಳೆದವನು ಅಂಕಿಯನ್ನು ಕಿಸೆಗಿಟ್ಟು ಪುಸ್ತಕವನ್ನು ಸುಡುತ್ತಾನೆ.

ಇನ್ನು ಆ ಪುಸ್ತಕದಲ್ಲಿ ಬರೆದದ್ದು ಯಾರ ಲೆಕ್ಕ? ರಾಜರ ಲೆಕ್ಕ ಎಂದು ನಾವು ತಿಳಿದಿದ್ದೇವೆ. ಅದು ಅರ್ಧ ಸತ್ಯ.

ಬಂಗಾರವನ್ನು ಜನ ನೆಲದಲ್ಲಿ ಹುಗಿಯುತ್ತಿದ್ದುದು ಯಾಕೆ? ಬ್ಯಾಂಕು ಇರಲಿಲ್ಲ, ದಂಡು ಬರುತ್ತಿತ್ತು. 1196ರಲ್ಲಿ ಹೊಯ್ಸಳ ವೀರಬಲ್ಲಾಳ ಹಾನಗಲ್ಲಿನ ಆನೆಕೆರೆಯ ಬಳಿ ಬೀಡುಬಿಟ್ಟು ಊರಿಗೆ ಮುತ್ತಿಗೆ ಹಾಕಿದ. ಕದಂಬ ಕಾಮದೇವನ ಸೇನೆ ಆ ಸಲ ಅವನನ್ನು ಹಿಮ್ಮೆಟ್ಟಿಸಿತು. ದಂಡನಾಯಕ ಸೋಹಣಿ ಮಡಿದ. ಈ ಸುದ್ದಿಯನ್ನು ನಮಗೆ ಹೇಳಿದ್ದು ಹಾನಗಲ್ಲಿನ ಒಂದು ವೀರಗಲ್ಲು. 1756ರಲ್ಲಿ ಪೇಶವೆ ಬಾಳಾಜಿ ಬಾಜೀರಾಯನ ದಂಡೂ ನಿಜಾಮನ ದಂಡೂ ಫ್ರೆಂಚರ ತೋಪುಗಳೊಡನೆ ಸವಣೂರನ್ನು ಮುತ್ತಿದವು. ಮೂವತ್ತು ವರ್ಷಕ್ಕೆ, 1786ರಲ್ಲಿ, ಟಿಪ್ಪುವಿನ ಸೇನೆ ಅದೇ ಊರನ್ನು ಹಿಡಿಯಿತು. ಪ್ರತಿಯೊಂದು ದಂಡು ಬಂದಾಗಲೂ ಊರಿನ ಗಾಣಿಗ, ಎಲೆಗಾರ, ನೇಕಾರ, ಒಕ್ಕಲಿಗ ಏನು ಮಾಡಿಯಾರು? ಹೆಂಡತಿಯ ಕೊರಳಲ್ಲಿದ್ದುದನ್ನು ಬಿಚ್ಚಿ, ಗಡಿಗೆಗೆ ಹಾಕಿ, ಒಲೆಯ ಹಿಂದೆ ಹುಗಿದು, ಮಕ್ಕಳನ್ನು ಎತ್ತಿಕೊಂಡು ಓಡಿಯಾರು. ದಂಡು ಹೋದ ಮೇಲೆ ಮರಳಿ ಬಂದವರು ಗಡಿಗೆ ತೆಗೆದುಕೊಂಡರು. ನಮಗೆ ಇಂದು ಸಿಕ್ಕುವ ಗಡಿಗೆ ಮರಳಿ ಬಾರದವರದು.

ನಿಧಿ ಕಾಯುವ ಸರ್ಪ, ನಿಧಿ ಕೇಳುವ ಬಲಿ ಎಂದು ಮಂತ್ರವಾದಿ ಬೊಗಳೆ ಬಿಡುತ್ತಾನಲ್ಲ, ಆ ಬಲಿ ಆಗಲೇ ಆಗಿ ಹೋಗಿದೆ ಬಂಧುಗಳೇ. ಬಲಿಯಾದವರು ನಮ್ಮಂಥವರೇ.

ಕಲ್ಲಿನ ಶಾಸನಗಳನ್ನು ಓದಿದರೂ ಇದೇ ಜನ ಕಾಣಸಿಗುತ್ತಾರೆ. ಗುಡಿಯ ದೀಪಕ್ಕೆ ಗಾಣಕ್ಕೆ ಇಷ್ಟು ಎಣ್ಣೆ ಎಂದು ಒಪ್ಪಿಕೊಂಡ ತೆಲ್ಲಿಗರು, ಹೇರಿಗೆ ಇಷ್ಟು ಎಲೆ ಬಿಟ್ಟುಕೊಟ್ಟ ಎಲೆಗಾರರು, ಊರೂರು ತಿರುಗಿದ ಅಯ್ಯಾವೊಳೆ ಐನೂರ್ವರೆಂಬ ವರ್ತಕರು, ಇವರೆಲ್ಲ ಕನ್ನಡನಾಡಿನ ಶಾಸನಗಳಲ್ಲಿ ಹೆಸರು ಕೆತ್ತಿಸಿಕೊಂಡಿದ್ದಾರೆ. ಅವರು ಎಣಿಸಿದ ಲೊಕ್ಕಿ ಗದ್ಯಾಣ ನಮ್ಮ ನೆರೆಯ ಲಕ್ಕುಂಡಿಯ ಟಂಕಸಾಲೆಯದು. ಹಿರೇಕೆರೂರು ತಾಲೂಕಿನ ಅಬಲೂರಿಗೆ ಹೋಗಿರಿ. ಏಕಾಂತದ ರಾಮಯ್ಯನ ಸಂಗತಿ ನಮಗೆ ಪುರಾಣದಿಂದ ಮಾತ್ರ ತಿಳಿದದ್ದಲ್ಲ. ಸುಮಾರು 1200ರಲ್ಲಿ ಕೆತ್ತಿದ ಕಲ್ಲು ಅಲ್ಲಿನ ಗುಡಿಯಲ್ಲಿದೆ. ಹಾನಗಲ್ಲಿನ ಅದೇ ಕಾಮದೇವ ಅವನಿಗೆ ದತ್ತಿ ಬಿಟ್ಟದ್ದೂ ಆ ಕಲ್ಲಿನಿಂದಲೇ ತಿಳಿದದ್ದು. ಒಂದು ತಾಲೂಕಿನ ಕಲ್ಲು ಇನ್ನೊಂದು ತಾಲೂಕಿನ ಕಲ್ಲಿಗೆ ಹೀಗೆ ಸಾಕ್ಷಿ ಹೇಳುತ್ತದೆ. ಒಂದನ್ನು ಒಡೆದರೆ ಎರಡಕ್ಕೂ ಬಾಯಿ ಹೋಗುತ್ತದೆ.

ಈ ಕಲ್ಲುಗಳನ್ನು ಓದಿ ಅಚ್ಚು ಹಾಕಿಸಿದವರಲ್ಲಿ ಮುಖ್ಯನಾದವನು ಫ್ಲೀಟ್ ಎಂಬ ಇಂಗ್ಲಿಷ್ ಅಧಿಕಾರಿ. 1872ರಲ್ಲಿ ಅವನು ನಮ್ಮ ದಕ್ಷಿಣ ವಿಭಾಗಕ್ಕೆ ಶಾಲಾ ಇನ್‌ಸ್ಪೆಕ್ಟರನಾಗಿ ಬಂದವನು. ನಮ್ಮನ್ನು ಆಳಲು ಬಂದವನಿಗೆ ನಮ್ಮ ಕಲ್ಲಿನ ಬೆಲೆ ತಿಳಿಯಿತು. ನಾವು ಅದೇ ಕಲ್ಲಿನ ಮೇಲೆ ಬಟ್ಟೆ ಒಗೆದೆವು. ಇದನ್ನು ಬರೆಯುವಾಗ ಒಬ್ಬ ಹಳೆಯ ಮಾಸ್ತರನಾದ ನನಗೆ ನಾಚಿಕೆಯಾಗುತ್ತದೆ.

ನಾಚಿಕೆಗೆ ಸ್ವಂತದ ಕಾರಣವೂ ಇದೆ. ನಾನು ಹಳ್ಳಿಯೊಂದರಲ್ಲಿ ಮಾಸ್ತರಿಕೆ ಮಾಡುತ್ತಿದ್ದಾಗ ಮೂರನೆಯ ಇಯತ್ತೆಯ ಹುಡುಗನೊಬ್ಬ ಪಾಟಿಚೀಲದಲ್ಲಿ ಒಂದು ಹಳದಿ ಬಿಲ್ಲೆ ತಂದ. ಗುಂಡಿಯಷ್ಟು ಚಿಕ್ಕದು, ಒಂದು ಮಗ್ಗುಲಿಗೆ ಏನೋ ಪ್ರಾಣಿಯ ರೂಪ. ಅಪ್ಪ ಕುಂಟೆ ಹೊಡೆಯುವಾಗ ಇಂಥ ಮೂರು ಸಿಕ್ಕಿದ್ದವಂತೆ. ಸಂಜೆ ಅವರ ಮನೆಗೆ ಹೋದೆ. "ಕಚೇರಿಗೆ ಒಪ್ಪಿಸಿರಿ" ಎಂದೆ. ಆ ಮನುಷ್ಯ ನನ್ನ ಕೈ ಹಿಡಿದುಕೊಂಡ. "ಮಾಸ್ತರ್ರ, ಒಪ್ಪಸಾಕ ಹೋದರ ಉಳಿದದ್ದು ಎಲ್ಲಿ ಅಂತ ಕೇಳತಾರ್ರೀ. ಇಲ್ಲ ಅಂದರ ನಂಬತಾರೇನ್ರೀ?" ನನ್ನಲ್ಲಿ ಉತ್ತರವಿರಲಿಲ್ಲ. ಜೊತೆಗೆ ನಡೆಯುತ್ತೇನೆ ಎಂದೂ ನಾನು ಹೇಳಲಿಲ್ಲ. ಕಾಗದದ ಮೇಲಿಟ್ಟು ಸೀಸದಕಡ್ಡಿಯಿಂದ ಅದರ ಅಚ್ಚು ತೆಗೆದುಕೊಳ್ಳುವಷ್ಟು ಬುದ್ಧಿಯೂ ಹೊಳೆಯಲಿಲ್ಲ. ವಾರದೊಳಗೆ ಮೂರೂ ಕರಗಿ ಮಗಳ ಬೆಂಡೋಲೆಯಾದವು.

ಆ ಬಿಲ್ಲೆ ಯಾವ ಅರಸನ ಕಾಲದ್ದು, ಯಾವ ಟಂಕಸಾಲೆಯದು? ಇನ್ನು ಯಾರೂ ಹೇಳಲಾರರು. ಆ ರೈತನನ್ನು ನಾನು ಕಳ್ಳನೆಂದು ಕರೆಯಲಾರೆ. ಅವನಿಗೆ ಮಗಳ ಮದುವೆಯ ಚಿಂತೆ, ಪೋಲೀಸರ ಭಯ. ತಪ್ಪು ನನ್ನದು, ನನ್ನ ತಪ್ಪಿನ ಹಿಂದೆ ಒಂದು ವ್ಯವಸ್ಥೆಯ ತಪ್ಪು.

ಆ ವ್ಯವಸ್ಥೆಯನ್ನು ನೋಡೋಣ. 1878ರಲ್ಲಿ ಇಂಗ್ಲಿಷರ ಸರಕಾರ ನಿಧಿಯ ಕಾಯಿದೆ ಮಾಡಿತು. ನೆಲದಲ್ಲಿ ಅಡಗಿದ ಯಾವುದೇ ಬೆಲೆಯುಳ್ಳ ವಸ್ತು ನಿಧಿ. ಹತ್ತು ರೂಪಾಯಿಗೆ ಮೇಲ್ಪಟ್ಟದ್ದು ಸಿಕ್ಕರೆ ಕಲೆಕ್ಟರನಿಗೆ ಬರೆದು ತಿಳಿಸಬೇಕು. ಅಡಗಿಸಿದರೆ ಒಂದು ವರ್ಷದವರೆಗೆ ಸಜೆ. ಇಷ್ಟು ಭಾಗ ಹಳ್ಳಿ ಹಳ್ಳಿಗೂ ಗೊತ್ತು. ಮುಂದಿನ ಭಾಗ ಎಷ್ಟು ಜನರಿಗೆ ಗೊತ್ತು? ವಾರಸುದಾರರಿಲ್ಲದ ನಿಧಿಯ ಬಗ್ಗೆ, ಸಿಕ್ಕವನೂ ಜಾಗದ ಒಡೆಯನೂ ತಮ್ಮೊಳಗೆ ಒಪ್ಪಂದಕ್ಕೆ ಬಾರದಿದ್ದರೆ, ಸಿಕ್ಕವನಿಗೆ ಮುಕ್ಕಾಲು, ಒಡೆಯನಿಗೆ ಕಾಲು ಎಂದು ಆ ಕಾಯಿದೆ ಬರೆದಿತ್ತು. ಸರಕಾರಕ್ಕೇ ವಸ್ತು ಬೇಕಾದರೆ ಲೋಹದ ಬೆಲೆಯ ಮೇಲೆ ಐದನೆಯ ಒಂದು ಪಾಲು ಹೆಚ್ಚು ಕೊಟ್ಟು ಕೊಳ್ಳಬೇಕಿತ್ತು. ಕೂಲಿಯವನ ಹಾರೆಗೆ ಸಿಕ್ಕರೆ ಕೂಲಿಯವನಿಗೆ ಮುಕ್ಕಾಲು! ಪರಕೀಯರ ಸರಕಾರವೂ ಇಷ್ಟನ್ನು ಕಾಗದದ ಮೇಲೆ ಬರೆದಿತ್ತು.

1962ರಲ್ಲಿ ನಮ್ಮ ರಾಜ್ಯ ತನ್ನದೇ ನಿಧಿ ಕಾಯಿದೆ ಮಾಡಿಕೊಂಡಿತು. ಸಿಕ್ಕವನು ಜಿಲ್ಲಾಧಿಕಾರಿಗೆ ತಿಳಿಸಬೇಕೆಂಬುದು ಅದರಲ್ಲಿಯೂ ಉಂಟು. 1972ರ ಪುರಾತನ ವಸ್ತುಗಳ ಕಾಯಿದೆ ಬಂತು: ನೂರು ವರ್ಷಕ್ಕೆ ಮೇಲ್ಪಟ್ಟ ನಾಣ್ಯ, ಮೂರ್ತಿಗಳನ್ನು ಖಾಸಗಿಯವರು ದೇಶದ ಹೊರಗೆ ಸಾಗಿಸಕೂಡದು, ಸಾಗಿಸಿದರೆ ಆರು ತಿಂಗಳಿಗೆ ಕಡಿಮೆಯಿಲ್ಲದಂತೆ ಮೂರು ವರ್ಷದವರೆಗೆ ಸಜೆ, ಪರವಾನಗಿಯಿಲ್ಲದೆ ವ್ಯಾಪಾರ ಮಾಡಕೂಡದು. ಹಾನಗಲ್ಲಿನ ತಾರಕೇಶ್ವರ, ಬಂಕಾಪುರ ಕೋಟೆಯೊಳಗಿನ ನಗರೇಶ್ವರ, ಹಿಂದೆ ಹಿರೇಕೆರೂರು ತಾಲೂಕಿನಲ್ಲಿದ್ದ ರಟ್ಟೀಹಳ್ಳಿಯ ಕದಂಬೇಶ್ವರ, ಇಂಥ ಕೇಂದ್ರ ಸರಕಾರದ ರಕ್ಷಣೆಯ ಗುಡಿಗಳ ಸುತ್ತ ನೂರು ಮೀಟರು ನಿಷೇಧದ ಜಾಗ ಎಂದು 2010ರ ತಿದ್ದುಪಡಿ ಹೇಳಿತು. 2017ರಲ್ಲಿ ರಾಜ್ಯ ಮಾಡಿದ ಮೌಢ್ಯ ನಿಷೇಧದ ಕಾಯಿದೆ, ನಿಧಿಗಾಗಿ ವಾಮಾಚಾರ ಮಾಡುವುದನ್ನೂ ಅಪರಾಧಗಳ ಪಟ್ಟಿಗೆ ಸೇರಿಸಿತು.

ಕಾಯಿದೆಗೆ ಕೊರತೆಯಿಲ್ಲ. ಆದರೆ ಈ ಕಾಯಿದೆಗಳನ್ನೆಲ್ಲ ಹಳ್ಳಿಗೆ ಹೊತ್ತು ತಂದವರು ಯಾರು? ಪೋಲೀಸರು. ಶಾಲೆ ತರಲಿಲ್ಲ, ಪಂಚಾಯತಿ ತರಲಿಲ್ಲ. ಹೀಗಾಗಿ ಬಡವನಿಗೆ ಕಾಯಿದೆಯ ಸಜೆ ಮಾತ್ರ ತಿಳಿಯಿತು, ಪಾಲು ತಿಳಿಯಲಿಲ್ಲ. ಮೂರು ಬಿಲ್ಲೆ ಸಿಕ್ಕವನು ಹೆದರಿ ಕರಗಿಸುತ್ತಾನೆ; ರಾತ್ರಿ ಯಂತ್ರ ಹೊತ್ತು ಬಂದವನು ಹೆದರದೆ ಮಾರುತ್ತಾನೆ. ಪ್ರಾಮಾಣಿಕನಿಗೆ ಭಯ, ಕಳ್ಳನಿಗೆ ಧೈರ್ಯ ಕೊಡುವ ಕಾಯಿದೆ ಎಷ್ಟಿದ್ದರೇನು?

"ಇಂಗ್ಲೆಂಡಿನಲ್ಲಿ ಜನ ಈ ಯಂತ್ರ ಹಿಡಿದು ಹೊಲದಲ್ಲಿ ಹವ್ಯಾಸಕ್ಕಾಗಿ ಅಡ್ಡಾಡುತ್ತಾರಂತೆ, ನಮಗೇಕೆ ಅಡ್ಡಿ?" ಎಂದು ಕಲಿತ ಹುಡುಗರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಅಲ್ಲಿ ನಡೆದ ಒಂದು ಸಂಗತಿ ಕೇಳಿರಿ. 1992ರಲ್ಲಿ ಹಾಕ್ಸ್‌ನ್ ಎಂಬ ಹಳ್ಳಿಯಲ್ಲಿ ಒಬ್ಬ ರೈತನ ಸುತ್ತಿಗೆ ಹೊಲದಲ್ಲಿ ಕಳೆಯಿತು. ಅದನ್ನು ಹುಡುಕಲು ಅವನ ಸ್ನೇಹಿತ, ಕೆಲಸದಿಂದ ನಿವೃತ್ತನಾದ ತೋಟಗಾರ, ಯಂತ್ರ ಹಿಡಿದು ಹೋದ. ಸಿಕ್ಕದ್ದು ರೋಮನರ ಕಾಲದ ಬಂಗಾರ, ಬೆಳ್ಳಿ. ಸುಮಾರು 15 ಸಾವಿರ ನಾಣ್ಯ. ಆ ತೋಟಗಾರ ಎಲ್ಲವನ್ನೂ ಅಗೆದು ಎಳೆಯಲಿಲ್ಲ. ನಿಲ್ಲಿಸಿದ, ತಿಳಿಸಿದ. ಪಂಡಿತರು ಬಂದು ಉಳಿದದ್ದನ್ನು ಇದ್ದಂತೆಯೇ ಎತ್ತಿದರು. ಅದರಿಂದಾಗಿ ಒಡವೆಗಳನ್ನು ಮರದ ಪೆಟ್ಟಿಗೆಯೊಳಗೆ ಸಣ್ಣ ಪೆಟ್ಟಿಗೆಗಳಲ್ಲಿ ಹೇಗೆ ಜೋಡಿಸಿಟ್ಟಿದ್ದರು ಎಂಬುದು ಸಹ ತಿಳಿಯಿತು. ಮರ ಎಂದೋ ಮಣ್ಣಾಗಿತ್ತು! ಬಹುಮಾನವಾಗಿ ಬಂದ ಹದಿನೇಳೂವರೆ ಲಕ್ಷ ಪೌಂಡನ್ನು ಅವನು ಆ ರೈತನೊಡನೆ ಹಂಚಿಕೊಂಡ. ಕಳೆದ ಸುತ್ತಿಗೆಯೂ ಸಿಕ್ಕಿತು, ಅದೂ ಈಗ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿದೆ. 1997ರಿಂದ ಅಲ್ಲಿ ಜನ ತಮಗೆ ಸಿಕ್ಕದ್ದನ್ನು ತೋರಿಸಿ ದಾಖಲು ಮಾಡಿಸುವ ಏರ್ಪಾಡು ನಡೆದಿದೆ. 10 ಲಕ್ಷಕ್ಕೂ ಹೆಚ್ಚು ವಸ್ತುಗಳು ದಾಖಲಾಗಿವೆ.

ಅಲ್ಲಿಯೂ ರಾತ್ರಿಗಳ್ಳರಿದ್ದಾರೆ. ಆದರೆ ಒಪ್ಪಿಸಿದವನಿಗೆ ರಸೀದಿ ಸಿಕ್ಕುತ್ತದೆ, ಹಣ ಸಿಕ್ಕುತ್ತದೆ, ಮರ್ಯಾದೆ ಸಿಕ್ಕುತ್ತದೆ ಎಂಬ ನಂಬಿಕೆ ಅಲ್ಲಿ ಹುಟ್ಟಿದೆ. ಆ ನಂಬಿಕೆಯನ್ನು ಬಿಟ್ಟು ಯಂತ್ರವೊಂದನ್ನೇ ತಂದುಕೊಂಡರೆ ಎತ್ತು ಇಲ್ಲದೆ ಬಾರುಕೋಲು ಕೊಂಡಂತೆ.

ಇನ್ನೊಂದು ಪ್ರಶ್ನೆ ನಮ್ಮ ಗಿರಣಿಯ ಬಂಧುಗಳದು. "ಪಗಾರ ಸಾಲದು, ಅಕ್ಕಿ ಬೇಳೆಗೆ ಬೆಂಕಿ ಹತ್ತಿದೆ. ಸತ್ತವರ ಗಡಿಗೆ ಕಟ್ಟಿಕೊಂಡು ನಮಗೇನು?" ನಾನು ಮರುಪ್ರಶ್ನೆ ಕೇಳುತ್ತೇನೆ. ಹಾಜರಿ ಪುಸ್ತಕದಲ್ಲಿ ಹೆಸರಿಲ್ಲದ ಕೂಲಿಕಾರನಿಗೆ ಭವಿಷ್ಯನಿಧಿ ಸಿಕ್ಕುತ್ತದೆಯೆ? 1974ರ ಭೂಸುಧಾರಣೆಯ ಮೇಲೆ ಗೇಣಿದಾರರು 7ನೆಯ ನಮೂನೆಯ ಅರ್ಜಿ ಹಾಕಿದಾಗ, ಉತ್ತದ್ದಕ್ಕೆ ದಾಖಲೆ ತೋರಿಸಲಾರದೆ ಹೊಲ ಕಳೆದುಕೊಂಡವರ ಗೋಳು ನಿಮ್ಮ ಮನೆಯ ಹಿರಿಯರನ್ನು ಕೇಳಿರಿ. ದಾಖಲೆಯಿಲ್ಲದವನ ಮಾತು ಎಲ್ಲಿಯೂ ನಡೆಯುವುದಿಲ್ಲ. ಅರಸರಿಗೆ ಬರೆಯುವ ಕವಿಗಳಿದ್ದರು. ದುಡಿಯುವ ಜನರಿಗೆ ಇದ್ದುದು ಈ ಕಲ್ಲು, ಈ ಗಡಿಗೆ, ಈ ಮಣ್ಣು ಮಾತ್ರ. ನಮ್ಮ ಹಾಜರಿ ಪುಸ್ತಕ ಇದೇ. ಇದನ್ನು ಸುಡಲು ಬಿಟ್ಟು "ಈ ನಾಡನ್ನು ಕಟ್ಟಿದವರು ನಾವು" ಎಂದು ಯಾವ ಬಾಯಿಂದ ಹೇಳುತ್ತೀರಿ?

"ಹೊಲ ನನ್ನದು, ಸಿಕ್ಕದ್ದು ನನ್ನದು" ಎನ್ನುವವರಿಗೂ ಒಂದು ಮಾತು. ನಿಮ್ಮ ಪಾಲನ್ನು ಯಾರೂ ಕಸಿಯಬಾರದು. ಅದನ್ನು ನಾವೇ ಮುಂದೆ ನಿಂತು ಕೇಳೋಣ. ಆದರೆ ಆ ಗಡಿಗೆಯನ್ನು ಹುಗಿದವನು ನಿಮ್ಮ ಅಜ್ಜನೂ ಅಲ್ಲ, ಅದರ ಸುದ್ದಿ ನಿಮ್ಮೊಬ್ಬರದೂ ಅಲ್ಲ. ಬೆಲೆಯಲ್ಲಿ ಪಾಲು ನಿಮ್ಮದು, ಸುದ್ದಿ ಎಲ್ಲರದು.

ಆದ್ದರಿಂದ ಸರಕಾರಕ್ಕೆ ನಮ್ಮ ಬೇಡಿಕೆಗಳನ್ನು ಸ್ಪಷ್ಟವಾಗಿ ಇಡುತ್ತೇವೆ. ಪ್ರತಿಯೊಂದು ಗ್ರಾಮ ಪಂಚಾಯತಿಯಲ್ಲಿ ಒಂದು ಪುಸ್ತಕವಿರಲಿ; ಊರಿನ ಶಾಸನ, ವೀರಗಲ್ಲು, ಹಾಳು ಗುಡಿ, ಸಿಕ್ಕ ನಾಣ್ಯ, ಸಿಕ್ಕ ಹೊಲ, ದಿನಾಂಕ ಅದರಲ್ಲಿ ದಾಖಲಾಗಲಿ. ವಸ್ತು ತಂದೊಪ್ಪಿಸಿದವನಿಗೆ ಅಲ್ಲಿಯೇ, ಆಗಲೇ, ತೂಕ ಮತ್ತು ಚಿತ್ರ ಸಹಿತ ರಸೀದಿ ಕೊಡಲಿ. ತಾನಾಗಿ ಬಂದವನನ್ನು ಆರೋಪಿಯಂತೆ ನಿಲ್ಲಿಸಿ ಕೇಳುವುದು ನಿಲ್ಲಲಿ. ಅವನ ಪಾಲಿಗೆ, ಬಹುಮಾನಕ್ಕೆ ಗಡುವು ಇರಲಿ. ವಸ್ತು ದೂರದ ಪಟ್ಟಣಕ್ಕೆ ಹೋಗುವುದಾದರೂ ಅದರ ಅಚ್ಚು, ಚಿತ್ರ, ಎರಡು ಸಾಲು ವಿವರ ಸಿಕ್ಕ ಊರಿನ ಶಾಲೆಯಲ್ಲಿ ತೂಗಿರಲಿ. ಯಂತ್ರವನ್ನು ಮಾರುವವನೂ ಬಳಸುವವನೂ ಹೆಸರು ಬರೆಸಲಿ. ಇದಕ್ಕೆ ಕೋಟಿಗಟ್ಟಲೆ ಬೇಡ. ಒಂದು ಪುಸ್ತಕ, ಒಂದು ತಕ್ಕಡಿ, ಒಂದಿಷ್ಟು ಮರ್ಯಾದೆ ಸಾಕು.

ಸರಕಾರ ಮಾಡುವತನಕ ನಾವು ಕೈಕಟ್ಟಿ ಕೂಡಬೇಕಾಗಿಲ್ಲ. ಸಂಘದ ಕಚೇರಿಯಲ್ಲಿ, ಅಂಗಡಿಯ ಗಲ್ಲೆಯ ಪಕ್ಕದಲ್ಲಿ ಅಂಥ ಒಂದು ಪುಸ್ತಕವನ್ನು ಇಂದೇ ತೆರೆಯಬಹುದು. ಹೊಲದಲ್ಲಿ ಏನಾದರೂ ಕಂಡರೆ ಹಾರೆ ನಿಲ್ಲಿಸಿರಿ. ಕಿಸೆಯಲ್ಲಿರುವ ಫೋನಿನಿಂದ ಇದ್ದಂತೆಯೇ ಚಿತ್ರ ತೆಗೆಯಿರಿ. ನಾಲ್ವರನ್ನು ಸಾಕ್ಷಿ ಕರೆಯಿರಿ. ಬರೆದು ಕೊಟ್ಟು, ಬರೆದದ್ದಕ್ಕೆ ಸಹಿ ಪಡೆಯಿರಿ. ಒಬ್ಬನೇ ಹೋಗಲು ಹೆದರಿಕೆಯಾದರೆ ನಮ್ಮನ್ನು ಕರೆಯಿರಿ, ಜೊತೆಗೆ ಬರುತ್ತೇವೆ. ಒಂದು ಸಲ ನಾನು ಆ ಮಾತು ಹೇಳದೆ ಸುಮ್ಮನಿದ್ದೆ; ಎರಡನೆಯ ಸಲ ಇರಲಾರೆ.

ಕೊನೆಗೆ, ನಿಧಿ ಸಿಕ್ಕವರ ಕತೆಯೊಂದು ನಮ್ಮ ಸೀಮೆಯದೇ ಇದೆ. ಶಿಗ್ಗಾವಿ ತಾಲೂಕಿನ ಬಾಡದ ತಿಮ್ಮಪ್ಪ ನಾಯಕನಿಗೆ ನೆಲ ಅಗೆಯುವಾಗ ಕೊಪ್ಪರಿಗೆ ಹೊನ್ನು ಸಿಕ್ಕಿತೆಂದೂ, ಅವನು ಅದನ್ನು ಜನರಿಗಾಗಿ ವೆಚ್ಚ ಮಾಡಿದನೆಂದೂ, ಅದರಿಂದಲೇ ಕನಕನೆಂಬ ಹೆಸರು ಬಂತೆಂದೂ ಐತಿಹ್ಯವಿದೆ. ಆತನೇ ಮುಂದೆ ಕನಕದಾಸ. ಐತಿಹ್ಯದಲ್ಲಿ ಎಷ್ಟು ನಿಜವೆಂಬುದನ್ನು ಪಂಡಿತರು ಚರ್ಚಿಸಲಿ. ಆದರೆ ಈ ಕತೆಯನ್ನು ಐದು ನೂರು ವರ್ಷ ಕಾಪಾಡಿಕೊಂಡು ಬಂದ ನಮ್ಮ ಜನ ಒಂದು ತೀರ್ಪನ್ನು ಕೊಟ್ಟಿದ್ದಾರೆ. ನೆಲದ ಹೊನ್ನನ್ನು ಬಚ್ಚಿಟ್ಟುಕೊಂಡ ಯಾವನ ಹೆಸರನ್ನೂ ಅವರು ನೆನಪಿನಲ್ಲಿಟ್ಟಿಲ್ಲ. ಹಂಚಿದವನ ಹೆಸರನ್ನು ಇನ್ನೂ ಮಕ್ಕಳಿಗೆ ಇಡುತ್ತಾರೆ.

ಇನ್ನು ಮೇಲೆ ಹಾಳು ಗುಡಿಯ ಬಳಿ ಗುಂಡಿ ಕಂಡಾಗ "ಸಿಕ್ತೋ, ಇಲ್ಲೋ?" ಎಂದು ಕೇಳಬೇಡಿರಿ. "ನಮ್ಮದನ್ನು ಒಯ್ದವರು ಯಾರು?" ಎಂದು ಕೇಳಿರಿ. ಕಿವಿಯಲ್ಲಿ ಬೇಡ, ಗಟ್ಟಿಯಾಗಿ ಕೇಳಿರಿ.